ಲಾಂಡ್ಸ್‌ಬೆರ್ಗಿನ ಕೇಳುಗನು: ಜಾನಿ ಕ್ಯಾಶನ ಚರಿತ್ರೆ

ಅಮೇರಿಕ ದೇಶದಲ್ಲಿ ಜಾನಿ ಕ್ಯಾಶ್ ಎಂಬ ಹಾಡುಗಾರನಿದ್ದನು. ಆತನು ತೀರಿಹೋಗಿ ಇಪ್ಪತ್ತು ವರುಷಗಳ ಮೇಲಾಯಿತು. ಆದರೂ ಆತನ ತಗ್ಗಿದ ಗಂಭೀರ ಸ್ವರವನ್ನು ಅನೇಕ ದೇಶಗಳ ಜನರು ಇನ್ನೂ ಕೇಳುತ್ತಿದ್ದಾರೆ. ಕಪ್ಪು ಉಡುಪನ್ನು ಧರಿಸಿ, ಗಿಟಾರೆಂಬ ತಂತಿವಾದ್ಯವನ್ನು ಹಿಡಿದು ನಿಂತಿರುವ ಆತನ ಚಿತ್ರವನ್ನು ನಿಮ್ಮಲ್ಲಿ ಕೆಲವರು ನೋಡಿರಲೂ ಬಹುದು. ಆದರೆ ಆತನು ಹಾಡುಗಾರನಾಗುವದಕ್ಕೆ ಮುಂಚೆ ಏನಾಗಿದ್ದನೆಂಬದು ಬಹು ಮಂದಿಗೆ ತಿಳಿಯದು. ಎರಡನೇ ಲೋಕಯುದ್ಧದಲ್ಲಿ ಸೋತು ಹಾಳಾದ ಜರ್ಮನಿ ದೇಶದ ಒಂದು ಸಣ್ಣ ಪಟ್ಟಣದಲ್ಲಿ, ಸೇನೆಯ ಒಂದು ರೇಡಿಯೋ ದಳದಲ್ಲಿ, ಆತನು ಹತ್ತಿರ ಹತ್ತಿರ ಮೂರು ವರುಷಗಳ ಕಾಲ ಕಿವಿಗೆ ಯಂತ್ರವನ್ನು ಕಟ್ಟಿಕೊಂಡು, ಬಾಯಿ ಮುಚ್ಚಿಕೊಂಡು, ದೂರದ ಸುದ್ದಿಗಳನ್ನು ಕೇಳುತ್ತಾ ಕೂತಿದ್ದನು. ಲೋಕವೇ ಕಿವಿಗೊಟ್ಟು ಕೇಳಿದ ಈ ಮನುಷ್ಯನು ಮೊದಲು ತಾನೇ ಕೇಳುವವನಾಗಿದ್ದನು. ಆತನು ತನ್ನ ಚರಿತ್ರೆಯನ್ನು 1975ರಲ್ಲಿ ಒಮ್ಮೆಯೂ 1997ರಲ್ಲಿ ಇನ್ನೊಮ್ಮೆಯೂ ತಾನೇ ಬರೆದು ಪ್ರಕಟಿಸಿದನು. ಆ ಕೇಳುವಿಕೆಯಿಂದ ಆತನಿಗೆ ಬಂದ ಲಾಭವೇನು, ಆತನ ಕಿವಿಗೆ ಬೀಳದೆ ಹೋದದ್ದೇನು ಎಂಬದನ್ನು ನಾವು ಈ ಲೇಖನದಲ್ಲಿ ಸಂಕ್ಷೇಪವಾಗಿ ತಿಳಿಸಲಿಚ್ಛಿಸುತ್ತೇವೆ.

ಆತನು 1932ನೇ ಇಸವಿ ಫೆಬ್ರವರಿ 26ನೇ ತಾರೀಖಿನಲ್ಲಿ ಆರ್ಕನ್ಸಾ ಸೀಮೆಯ ಕಿಂಗ್ಸ್‌ಲೆಂಡ್ ಎಂಬ ಊರಲ್ಲಿ ಹುಟ್ಟಿದನು. ತಂದೆಯ ಹೆಸರು ರೇ, ತಾಯಿಯ ಹೆಸರು ಕ್ಯಾರಿ. ಏಳು ಮಂದಿ ಮಕ್ಕಳಲ್ಲಿ ಆತನು ನಾಲ್ಕನೆಯವನು. ತಂದೆತಾಯಿಗಳು ಆತನಿಗೆ ಪೂರಾ ಹೆಸರನ್ನಿಡದೆ ಜೆ. ಆರ್. ಎಂಬ ಎರಡಕ್ಷರಗಳನ್ನೇ ಇಟ್ಟರು. ಆಗ ಅಮೇರಿಕದಲ್ಲಿ ವ್ಯಾಪಾರವು ಬಿದ್ದುಹೋಗಿ, ಕೂಲಿ ಸಿಕ್ಕದೆ, ಬಡವರು ಬಹಳ ಕಷ್ಟಪಡುತ್ತಿದ್ದರು. ಅಂಥವರಿಗೆ ಸರಕಾರದವರು ಡೈಯೆಸ್ ಎಂಬ ಹೊಸ ಹಳ್ಳಿಯನ್ನು ಕಟ್ಟಿ, ಸುಮಾರು 500 ಕುಟುಂಬಗಳಿಗೆ ಜಮೀನು ಕೊಟ್ಟು, ಅದರ ಬೆಲೆಯನ್ನು ಬೆಳೆಯಿಂದ ತೀರಿಸುವ ಏರ್ಪಾಡು ಮಾಡಿದರು. 1935ರ ಮಾರ್ಚ್ ತಿಂಗಳಲ್ಲಿ ಕ್ಯಾಶನ ಮನೆಯವರು ಅಲ್ಲಿಗೆ ಹೋದರು. ಅವರಿಗೆ 20 ಎಕರೆ ಭೂಮಿ, ಐದು ಕೋಣೆಯ ಮನೆ, ಒಂದು ಹೇಸರಗತ್ತೆ ದೊರಕಿದವು. ಆದರೆ ಆ ಭೂಮಿಯು ಗಿಡಗಂಟಿಗಳಿಂದ ತುಂಬಿದ ಕಾಡಾಗಿತ್ತು. ತಂದೆಯೂ ಹಿರಿಯ ಮಗನೂ ಮರಗಳನ್ನು ಕಡಿದು, ಬೇರುಗಳನ್ನು ಕಿತ್ತು, ಹತ್ತಿಯನ್ನು ಬಿತ್ತಿದರು. ಜೆ. ಆರ್. ಐದು ವರುಷದವನಾದಾಗಲೇ ಹೊಲಕ್ಕೆ ನೀರು ಹೊತ್ತನು. ಸ್ವಲ್ಪ ದೊಡ್ಡವನಾದ ಮೇಲೆ ಗೋಣಿಚೀಲವನ್ನು ಎಳೆಯುತ್ತಾ ಹತ್ತಿ ಬಿಡಿಸಿದನು. ಹತ್ತಿಕಾಯಿಯ ಮೊನೆಗಳು ಬೆರಳುಗಳನ್ನು ಹೇಗೆ ಕೊರೆಯುತ್ತವೆಂಬದನ್ನು ಧಾರವಾಡ ರಾಯಚೂರು ಕಡೆಯ ನಮ್ಮ ವಾಚಕರಿಗೆ ವಿವರಿಸಬೇಕಾದದ್ದಿಲ್ಲ. 1937ರಲ್ಲಿ ನೆರೆ ಬಂದು ಆ ಹಳ್ಳಿಯವರೆಲ್ಲರೂ ಮನೆಮಾರು ಬಿಟ್ಟು ಓಡಬೇಕಾಯಿತು.

ಆ ಮನೆಯಲ್ಲಿ ದುಡ್ಡಿರಲಿಲ್ಲ, ಹಾಡುಗಳಿದ್ದವು. ತಾಯಿಯು ಹೊಲದಲ್ಲಿ ಕೆಲಸ ಮಾಡುವಾಗಲೂ ಸಾಯಂಕಾಲ ಜಗಲಿಯಲ್ಲಿ ಕೂತಿರುವಾಗಲೂ ಕೀರ್ತನೆಗಳನ್ನು ಹಾಡುವಳು, ಮಕ್ಕಳು ಕೂಡಿಕೊಳ್ಳುವರು. ಬ್ಯಾಟರಿಯಿಂದ ನಡೆಯುವ ಒಂದು ರೇಡಿಯೋ ಮನೆಗೆ ಬಂದಿತು. ರಾತ್ರಿ ಎಲ್ಲರೂ ಮಲಗಿದ ಮೇಲೆ ಹುಡುಗನು ಅದರ ಸ್ವರವನ್ನು ತಗ್ಗಿಸಿ, ಕಿವಿಯನ್ನು ಪೆಟ್ಟಿಗೆಗೆ ಒತ್ತಿಕೊಂಡು, ದೂರದ ಪಟ್ಟಣಗಳಿಂದ ಬರುವ ಹಾಡುಗಳನ್ನು ಕೇಳುವನು. ಬೆಳಗ್ಗೆ ಬೇಗ ಏಳಬೇಕೆಂದು ತಂದೆಯು ಗದರಿಸುವನು. ಹುಡುಗನು ಸ್ವರವನ್ನು ಇನ್ನಷ್ಟು ತಗ್ಗಿಸುವನು, ಕಿವಿಯನ್ನು ಇನ್ನಷ್ಟು ಹತ್ತಿರ ತರುವನು. ಹೀಗೆ ಆತನ ಕಿವಿಗೆ ಸಣ್ಣ ಶಬ್ದವನ್ನು ಹಿಡಿಯುವ ಅಭ್ಯಾಸವು ಚಿಕ್ಕಂದಿನಲ್ಲಿಯೇ ಬಂದಿತು.

ಅಣ್ಣನಾದ ಜ್ಯಾಕನು ಆತನಿಗಿಂತ ಎರಡು ವರುಷಕ್ಕೆ ದೊಡ್ಡವನು. ಅವನು ಸತ್ಯವೇದವನ್ನು ಬಿಡದೆ ಓದುವವನು. ಬೋಧಕನಾಗಬೇಕೆಂದು ಮನಸ್ಸು ಮಾಡಿದ್ದವನು. 1944ನೇ ಇಸವಿ ಮೇ ತಿಂಗಳ ಒಂದು ಶನಿವಾರ ಜ್ಯಾಕನು ಮನೆಗೆ ಮೂರು ಡಾಲರು ಸಂಪಾದಿಸಿ ಕೊಡುವದಕ್ಕಾಗಿ ಶಾಲೆಯ ಕಾರ್ಖಾನೆಯಲ್ಲಿ ಬೇಲಿಯ ಗೂಟಗಳನ್ನು ಕೊಯ್ಯಲು ಹೋದನು. ತಮ್ಮನು ಮೀನು ಹಿಡಿಯುವದಕ್ಕೆ ಹೋದನು. ಅಲ್ಲಿ ತಿರುಗುವ ಗರಗಸವು ಜ್ಯಾಕನ ಹೊಟ್ಟೆಯನ್ನು ಸೀಳಿತು. ಒಂದು ವಾರದ ಮೇಲೆ ಅವನು ಪ್ರಾಣಬಿಟ್ಟನು. ಸಾಯುವದಕ್ಕೆ ಮುಂಚೆ ಅವನು ದೇವದೂತರ ಹಾಡು ತನಗೆ ಕೇಳಿಸುತ್ತದೆಂದು ಹೇಳಿ, ನಿನಗೂ ಕೇಳಿಸುವದೋ ಎಂದು ತಾಯಿಯನ್ನು ವಿಚಾರಿಸಿದನಂತೆ. ಹಾಸಿಗೆಯ ಬಳಿಯಲ್ಲಿ ನಿಂತಿದ್ದ ಹನ್ನೆರಡು ವರುಷದ ತಮ್ಮನು ಇದನ್ನು ಸಾಯುವ ವರೆಗೂ ಮರೆಯಲಿಲ್ಲ. ಸಮಾಧಿಯಾದ ಮರುದಿನವೇ ಮನೆಯವರೆಲ್ಲರೂ ಹತ್ತಿಯ ಹೊಲಕ್ಕೆ ಮರಳಿದರು. ಬಡವನಿಗೆ ಅಳುವದಕ್ಕೂ ಬಿಡುವಿಲ್ಲವಷ್ಟೆ.

1950ರಲ್ಲಿ ಜೆ. ಆರ್. ಶಾಲೆಯ ಕಡೆಯ ಪರೀಕ್ಷೆಯನ್ನು ಮುಗಿಸಿ, ಮಿಶಿಗನ್ ಸೀಮೆಯ ಪೊಂಟಿಯಾಕ್ ಪಟ್ಟಣದ ಮೋಟಾರು ಕಾರ್ಖಾನೆಯಲ್ಲಿ ಕೆಲವು ದಿನ ದುಡಿದನು. ಆ ಕೆಲಸವು ಹಿಡಿಸದೆ ಮನೆಗೆ ಬಂದನು. ಆ ಜೂನ್ ತಿಂಗಳಲ್ಲಿಯೇ ಕೊರಿಯದಲ್ಲಿ ಯುದ್ಧವು ಹುಟ್ಟಿತ್ತು. ಜುಲೈ 7ನೇ ತಾರೀಖಿನಲ್ಲಿ ಆತನು ವಿಮಾನಸೇನೆಗೆ ಸೇರಿದನು. ಎರಡಕ್ಷರಗಳು ಹೆಸರಾಗಲಾರವೆಂದು ಸೇನೆಯವರು ಹೇಳಿದ್ದರಿಂದ ಆತನು ಜಾನ್ ಆರ್. ಕ್ಯಾಶ್ ಎಂದು ಬರೆಸಿಕೊಂಡನು. ಹೀಗೆ ಹದಿನೆಂಟು ವರುಷದ ಹಳ್ಳಿಯ ಹುಡುಗನಿಗೆ ಸೇನೆಯಲ್ಲಿಯೇ ಪೂರಾ ಹೆಸರು ಬಂದಿತು.

ಆತನಿಗೆ ಕೊಟ್ಟ ಕೆಲಸವು ಯಾವದೆಂದು ತಿಳಿಯಬೇಕಾದರೆ ಆಗಿನ ಜರ್ಮನಿಯ ಸ್ಥಿತಿಯನ್ನು ಸ್ವಲ್ಪ ಹೇಳಬೇಕು. 1945ರಲ್ಲಿ ಹಿಟ್ಲರನ ರಾಜ್ಯವು ಬಿದ್ದ ಮೇಲೆ ಗೆದ್ದ ನಾಲ್ಕು ರಾಷ್ಟ್ರಗಳು, ಅಂದರೆ ಅಮೇರಿಕ, ಇಂಗ್ಲೆಂಡ್, ಫ್ರಾನ್ಸ್, ರಷ್ಯ, ಆ ದೇಶವನ್ನು ನಾಲ್ಕು ಪಾಲು ಮಾಡಿ ಹಿಡುಕೊಂಡವು. ಒಟ್ಟಿಗೆ ಯುದ್ಧಮಾಡಿದ್ದ ಇವರಲ್ಲಿ ಬೇಗನೇ ಒಡಕು ಹುಟ್ಟಿತು. 1948ರಲ್ಲಿ ರಷ್ಯದವರು ಬೆರ್ಲಿನ್ ಪಟ್ಟಣಕ್ಕೆ ಹೋಗುವ ಭೂಮಾರ್ಗಗಳನ್ನು ಮುಚ್ಚಿಬಿಟ್ಟರು. ಪಟ್ಟಣದ ಪಶ್ಚಿಮ ಭಾಗದವರಿಗೆ ವಿಮಾನಗಳ ಮೂಲಕವೇ ಅನ್ನವನ್ನೂ ಕಲ್ಲಿದ್ದಲನ್ನೂ ಮುಟ್ಟಿಸಬೇಕಾಯಿತು. 1949ರಲ್ಲಿ ಜರ್ಮನಿಯು ಪೂರ್ವ ಪಶ್ಚಿಮವೆಂದು ಎರಡು ರಾಜ್ಯಗಳಾಯಿತು. ಗುಂಡು ಹಾರದಿದ್ದರೂ ಸಮಾಧಾನವಿರಲಿಲ್ಲ. ಎದುರಿನವನು ಯಾವಾಗ ಏಳುವನೋ ಎಂಬ ಭಯವು ಎರಡು ಕಡೆಯಲ್ಲಿಯೂ ಇದ್ದದರಿಂದ, ಒಬ್ಬರ ಮಾತನ್ನು ಒಬ್ಬರು ಕದ್ದು ಕೇಳುವದೇ ಆ ಕಾಲದ ಕಾವಲಾಗಿತ್ತು. ಇದಕ್ಕಾಗಿಯೇ ಅಮೇರಿಕದವರು 1948ರಲ್ಲಿ ತಮ್ಮ ವಿಮಾನಸೇನೆಯೊಳಗೆ ಒಂದು ಗುಪ್ತ ವಿಭಾಗವನ್ನು ಏರ್ಪಡಿಸಿದ್ದರು. ರೇಡಿಯೋದ ಗಿಡ್ಡ ಅಲೆಗಳು ಆಕಾಶದ ಎತ್ತರದಲ್ಲಿರುವ ವಾಯುಪದರಕ್ಕೆ ತಗಲಿ ಹಿಂದಿರುಗಿ ದೂರದ ನೆಲಕ್ಕೆ ಬೀಳುತ್ತವೆ. ಆದಕಾರಣ ರಷ್ಯದಲ್ಲಿ ಒಬ್ಬ ಸಿಪಾಯಿಯು ಇನ್ನೊಬ್ಬನಿಗೆ ಕಳುಹಿಸುವ ಸುದ್ದಿಯನ್ನು ನೂರಾರು ಮೈಲಿ ದೂರದ ಮೂರನೆಯವನೂ ಕೇಳಬಹುದು.

ಆ ಸುದ್ದಿಗಳು ಮಾತಿನಲ್ಲಿ ಬರುತ್ತಿರಲಿಲ್ಲ, ಮೋರ್ಸ್ ಸಂಕೇತದಲ್ಲಿ ಬರುತ್ತಿದ್ದವು. ನಮ್ಮ ಹಿರಿಯರು ತಂತಿ ಆಫೀಸುಗಳಲ್ಲಿ ಕಟ್ಟು ಕಡ ಎಂಬ ಶಬ್ದವನ್ನು ಕೇಳಿದ್ದುಂಟು. ನಮ್ಮ ದೇಶದಲ್ಲಿ ತಂತಿ ಸಮಾಚಾರವು 2013ರ ಜುಲೈ ತಿಂಗಳಲ್ಲಿ ನಿಂತುಹೋಯಿತು. ಆದರೆ ಮದುವೆಯ ಶುಭಾಶಯವನ್ನೂ ಸಾವಿನ ಸುದ್ದಿಯನ್ನೂ ಬಹುಕಾಲ ಹಳ್ಳಿಹಳ್ಳಿಗೆ ತಂದದ್ದು ಆ ಸಂಕೇತವೇ. ಒಂದು ಗಿಡ್ಡ ಶಬ್ದ, ಒಂದು ಉದ್ದ ಶಬ್ದ, ಈ ಎರಡರಿಂದಲೇ ಎಲ್ಲಾ ಅಕ್ಷರಗಳನ್ನೂ ಕಟ್ಟುತ್ತಾರೆ. ಚೆನ್ನಾಗಿ ಕಲಿತವನು ಅವುಗಳನ್ನು ಒಂದೊಂದಾಗಿ ಎಣಿಸುವದಿಲ್ಲ. ತಾಳವನ್ನು ಹಿಡಿಯುವಂತೆ ಅಕ್ಷರದ ನಡೆಯನ್ನೇ ಹಿಡಿಯುತ್ತಾನೆ. ಜಾನ್ ಕ್ಯಾಶನು ಮಿಸ್ಸಿಸಿಪ್ಪಿ ಸೀಮೆಯ ಬಿಲೊಕ್ಸಿಯಲ್ಲಿ ಈ ವಿದ್ಯೆಯನ್ನು ಕಲಿತಾಗ, ಹಾಡು ಕೇಳಿ ಪಳಗಿದ ಆತನ ಕಿವಿಯು ಅದನ್ನು ಬೇಗನೇ ಹಿಡಿಯಿತು. ಅಧಿಕಾರಿಗಳು ಆತನನ್ನು ಆ ಗುಪ್ತ ವಿಭಾಗಕ್ಕೆ ಆರಿಸಿಕೊಂಡು ಹೆಚ್ಚಿನ ಶಿಕ್ಷಣಕ್ಕಾಗಿ ಟೆಕ್ಸಸ್ ಸೀಮೆಯ ಸ್ಯಾನ್ ಆಂಟೋನಿಯೋ ಪಟ್ಟಣಕ್ಕೆ ಕಳುಹಿಸಿದರು. ಅಲ್ಲಿ 1951ರ ಜುಲೈ ತಿಂಗಳಲ್ಲಿ ವಿವಿಯನ್ ಲಿಬರ್ಟೋ ಎಂಬ ಹದಿನೇಳು ವರುಷದ ರೋಮನ್ ಕಥೋಲಿಕ ಹುಡುಗಿಯ ಪರಿಚಯವಾಯಿತು. ಮೂರು ವಾರ ಮಾತ್ರ ಅವರಿಬ್ಬರೂ ಒಟ್ಟಿಗಿದ್ದರು. ಅನಂತರ ಅವರ ನಡುವೆ ಸಮುದ್ರವು ಬಂದಿತು.

ಆ ವರುಷದ ಕಡೆಯ ಭಾಗದಲ್ಲಿ ಆತನು ಬವೇರಿಯ ಸೀಮೆಯ ಲಾಂಡ್ಸ್‌ಬೆರ್ಗಿಗೆ ಬಂದನು. ಅದು ಮ್ಯೂನಿಕ್ ಪಟ್ಟಣದ ಪಶ್ಚಿಮಕ್ಕೆ ಲೆಖ್ ಹೊಳೆಯ ದಡದಲ್ಲಿರುವ ಹಳೇ ಊರು. ನೋಡುವದಕ್ಕೆ ಚಂದವಾದರೂ ಅದರ ನೆನಪುಗಳು ಭಯಂಕರವಾದವು. ಅಲ್ಲಿಯ ಸೆರೆಮನೆಯಲ್ಲಿ 1924ರಲ್ಲಿ ಹಿಟ್ಲರನು ಕೈದಿಯಾಗಿದ್ದು ತನ್ನ ದ್ವೇಷದ ಪುಸ್ತಕವನ್ನು ಬರೆಯಿಸಲಾರಂಭಿಸಿದನು. ಊರ ಸುತ್ತಲೂ 1944ರಿಂದ 1945ರ ವರೆಗೆ ಸಾವಿರಾರು ಯೆಹೂದ್ಯರನ್ನು ದುಡಿಸಿ ಸಾಯಿಸಿದ ಶಿಬಿರಗಳಿದ್ದವು. ಯುದ್ಧವು ತೀರಿದ ಮೇಲೆ ಉಳಿದುಬಂದ ಯೆಹೂದ್ಯರು ಅದೇ ಊರಲ್ಲಿ 1950ರ ವರೆಗೆ ನಿರಾಶ್ರಿತರಾಗಿ ವಾಸಿಸಿದರು; ಹಿಟ್ಲರನಿದ್ದ ಸೆರೆಮನೆಯಲ್ಲಿ ಅಮೇರಿಕದವರು ಯುದ್ಧದ ಅಪರಾಧಿಗಳನ್ನು ಇಟ್ಟರು. ಅಲ್ಲಿ ಕಡೆಯ ಏಳು ಮಂದಿಯನ್ನು ಗಲ್ಲಿಗೇರಿಸಿದ್ದು 1951ರ ಜೂನ್ 7ನೇ ತಾರೀಖಿನಲ್ಲಿ, ಅಂದರೆ ಕ್ಯಾಶನು ಬರುವದಕ್ಕೆ ಕೆಲವೇ ತಿಂಗಳು ಮುಂಚೆ. ಹೀಗೆ ಮುಂದೆ ಸೆರೆಮನೆಗಳ ಹಾಡುಗಾರನೆಂದು ಹೆಸರು ಹೊಂದಬೇಕಾದವನು ಸೆರೆಮನೆಯಿಂದಲೇ ಪ್ರಸಿದ್ಧವಾದ ಊರಲ್ಲಿ ತನ್ನ ಯೌವನವನ್ನು ಕಳೆದನು.

ಆತನ ದಳಕ್ಕೆ 12ನೇ ಸಂಚಾರಿ ರೇಡಿಯೋ ದಳವೆಂದು ಹೆಸರು. ಅದರ ಕೆಲಸದವರು ಪಾಳಿಪಾಳಿಯಾಗಿ ಹಗಲಿರುಳೂ ಒಂದು ಕಾವಲಿಟ್ಟ ಕೋಣೆಯಲ್ಲಿ ಕೂತಿರುವರು. ಒಬ್ಬೊಬ್ಬನ ಮುಂದೆ ರೇಡಿಯೋ, ಕಿವಿಗಳ ಮೇಲೆ ಹೆಡ್‌ಫೋನು, ಬೆರಳುಗಳ ಕೆಳಗೆ ಟೈಪ್‌ರೈಟರ್ ಯಂತ್ರ. ಆಕಾಶದಲ್ಲಿ ಸಾವಿರ ಶಬ್ದಗಳು ಒಂದರ ಮೇಲೊಂದು ಬಿದ್ದು ಗೊರಗೊರ ಎನ್ನುತ್ತಿರುವಾಗ, ಅದರೊಳಗಿಂದ ತನಗೆ ನೇಮಿಸಿದ ರಷ್ಯದವನ ಒಂದೇ ಶಬ್ದವನ್ನು ಆರಿಸಿ, ಕೇಳಿದ್ದನ್ನು ಕೇಳಿದ ಹಾಗೆ ಅಚ್ಚೊತ್ತಬೇಕು. ಒಬ್ಬೊಬ್ಬ ತಂತಿಗಾರನ ಕೈಗೂ ಒಂದೊಂದು ರೀತಿಯುಂಟು. ನಾವು ಕಾಲಸಪ್ಪಳದಿಂದ ಮನೆಯವರನ್ನು ಗುರುತಿಸುವಂತೆ, ಪಳಗಿದ ಕೇಳುಗನು ಕೈಯ ನಡೆಯಿಂದ ದೂರದವನನ್ನು ಗುರುತಿಸುವನು. ಆದರೆ ಆ ಸುದ್ದಿಗಳು ಗುಪ್ತಲಿಪಿಯಲ್ಲಿರುತ್ತಿದ್ದವು. ಬರೆದವನಿಗೇ ಅದರ ಅರ್ಥವು ತಿಳಿಯದು. ಅರ್ಥವನ್ನು ಬಿಡಿಸುವವರು ಬೇರೆ. ಕೇಳಿದವನು ತಿರುಗಿ ಉತ್ತರ ಕೊಡಕೂಡದು. ಕೋಣೆಯ ಹೊರಗೆ ಯಾರ ಸಂಗಡಲೂ, ಮನೆಗೆ ಬರೆಯುವ ಕಾಗದದಲ್ಲಿಯೂ, ಆ ಕೆಲಸದ ವಿಷಯವಾಗಿ ಒಂದು ಮಾತನ್ನೂ ಆಡಕೂಡದು. ಒಮ್ಮೆ ಆತನು ದಣಿವಿನಿಂದ ತಾಳಲಾರದೆ ಟೈಪ್‌ರೈಟರ್ ಯಂತ್ರವನ್ನೇ ಎತ್ತಿ ಎಸೆದು ಅತ್ತನೆಂದು ತಾನೇ ಬರೆದಿಟ್ಟಿದ್ದಾನೆ.

1953ರ ಮಾರ್ಚ್ 5ನೇ ತಾರೀಖಿನಲ್ಲಿ ರಷ್ಯದ ಅಧಿಪತಿಯಾದ ಸ್ಟಾಲಿನನು ಸತ್ತನು. ಆ ಸುದ್ದಿಯನ್ನು ಮೊದಲು ಹಿಡಿದ ಅಮೇರಿಕದವನು ತಾನೇ ಎಂದು ಕ್ಯಾಶನು ವೃದ್ಧಾಪ್ಯದಲ್ಲಿ ಹೇಳಿಕೊಂಡನು. ಗುಪ್ತಲಿಪಿಯನ್ನು ಓದಲಾರದವನು ಅದನ್ನು ಹೇಗೆ ತಿಳಿದಾನೆಂದು ಸಂಶೋಧಕರು ಸಂಶಯಪಟ್ಟಿದ್ದಾರೆ. ನಾವು ಈ ವಾದದೊಳಗೆ ಹೋಗುವದಿಲ್ಲ. ಆತನು ಕೆಲಸದಲ್ಲಿ ಗಟ್ಟಿಗನಾಗಿದ್ದು ಸ್ಟಾಫ್ ಸಾರ್ಜೆಂಟ್ ಪದವಿಗೆ ಏರಿದನೆಂಬದು ಮಾತ್ರ ನಿಶ್ಚಯ.

ಕೆಲಸವಿಲ್ಲದ ವೇಳೆಯೇ ಆತನಿಗೆ ಹೆಚ್ಚು ಕಷ್ಟಕರವಾಗಿತ್ತು. ಮನೆಗೆ ಹೋಗುವ ರಜೆಯಿಲ್ಲ. ದೂರವಾಣಿಯಲ್ಲಿ ಮಾತಾಡುವದಕ್ಕೆ ಹಣ ಸಾಲದು. ಆದದರಿಂದ ಆತನು ವಿವಿಯನಳಿಗೆ ಕಾಗದಗಳನ್ನು ಬರೆದನು. ನೂರಾರು ಕಾಗದಗಳು ಹೋದವು, ನೂರಾರು ಬಂದವು. ಆಕೆಯು ಅವುಗಳನ್ನು ಸಾಯುವ ತನಕ ಕಾಪಾಡಿದಳು. ಅವು 2007ರಲ್ಲಿ ಆಕೆಯ ಪುಸ್ತಕದಲ್ಲಿ ಅಚ್ಚಾದವು. ಅವುಗಳಲ್ಲಿ ಪ್ರೀತಿಯೂ ಇದೆ, ಹೊಟ್ಟೆಕಿಚ್ಚೂ ಇದೆ, ಇನ್ನು ಕುಡಿಯುವದಿಲ್ಲವೆಂಬ ವಾಗ್ದಾನಗಳೂ ಆ ವಾಗ್ದಾನಗಳನ್ನು ಮುರಿದ ದುಃಖವೂ ಇವೆ. ಬಂದ ಹೊಸದರಲ್ಲಿ ಆತನು ದೇವಾರಾಧನೆಗೆ ತಪ್ಪದೆ ಹೋಗುತ್ತಿದ್ದನು. ಅನಂತರ ಜೊತೆಗಾರರ ಸಂಗಡ ಬೀರು ಕುಡಿಯಲು ಕಲಿತನು. ಬೀರಿನಿಂದ ಬಲವಾದ ಮದ್ಯಕ್ಕೆ ಹೋದನು. ಬೀದಿಯ ಜಗಳಗಳಿಗೂ ಹೋದನು. ದೇವಾಲಯಕ್ಕೆ ಹೋಗುವದು ಅಪರೂಪವಾಯಿತು. ಊರುಬಿಟ್ಟು ಕೂಲಿಗಾಗಿಯೋ ಸೇನೆಗಾಗಿಯೋ ದೂರ ಹೋದ ನಮ್ಮ ಯೌವನಸ್ಥರಿಗೆ ಈ ದಾರಿಯು ಅಪರಿಚಿತವಾದದ್ದಲ್ಲ. ಅದರಲ್ಲಿ ಯಾರೂ ಒಂದೇ ದಿನದಲ್ಲಿ ಬೀಳುವದಿಲ್ಲ, ಒಂದೊಂದೇ ಮೆಟ್ಟಲಿಳಿಯುತ್ತಾರೆ.

ಆದರೆ ಆ ಒಂಟಿತನದಲ್ಲಿಯೇ ಒಂದು ಒಳ್ಳೇ ಬೀಜವೂ ಮೊಳೆಯಿತು. ಆತನು 20 ಮಾರ್ಕು, ಅಂದರೆ ಆಗಿನ ಲೆಕ್ಕದಲ್ಲಿ ಸುಮಾರು 5 ಡಾಲರು ಕೊಟ್ಟು ಜರ್ಮನಿಯಲ್ಲಿ ಒಂದು ಗಿಟಾರನ್ನು ಕೊಂಡು, ಹಿಮದಲ್ಲಿ ನಡೆಯುತ್ತಾ ಶಿಬಿರಕ್ಕೆ ತಂದನು. ಇಂಥ ಆಶೆಯಿದ್ದ ಕೆಲವು ಸಿಪಾಯಿಗಳು ಕೂಡಿಕೊಂಡರು. ಒಬ್ಬರಿಂದೊಬ್ಬರು ಕಲಿತು, ತಮ್ಮ ತಾಯಂದಿರಿಂದ ಕೇಳಿದ ಹಾಡುಗಳನ್ನೂ ರೇಡಿಯೋದಲ್ಲಿ ಕೇಳಿದ ಹಾಡುಗಳನ್ನೂ ಶಿಬಿರದಲ್ಲಿ ಹಾಡುವರು. ಬವೇರಿಯದವರೆಂಬ ಅರ್ಥದ ಬವೇರಿಯನ್ ಎಂಬ ಮಾತನ್ನು ತಮಾಷೆಗಾಗಿ ತಿರುಗಿಸಿ, ತಮ್ಮ ಗುಂಪಿಗೆ ಲಾಂಡ್ಸ್‌ಬೆರ್ಗ್ ಬಾರ್ಬೇರಿಯನ್ಸ್, ಅಂದರೆ ಲಾಂಡ್ಸ್‌ಬೆರ್ಗಿನ ಕಾಡುಜನರು, ಎಂದು ಹೆಸರಿಟ್ಟರು. ಕ್ಯಾಶನು ತನ್ನ ಸಂಬಳದಲ್ಲಿ ಉಳಿಸಿದ ಹಣದಿಂದ ಒಂದು ಟೇಪ್ ರೆಕಾರ್ಡರನ್ನೂ ಕೊಂಡುಕೊಂಡನು. ಒಂದು ದಿನ ಆತನು ಪಾಳಿ ಮುಗಿಸಿ ಬಂದು ಯಂತ್ರವನ್ನು ತಿರುಗಿಸಲು, ಹಿಂದೆಂದೂ ಕೇಳದ ಒಂದು ವಿಚಿತ್ರವಾದ ನಾದವು ಹೊರಟಿತು. ದೇವಾಲಯದ ವಾದ್ಯದಂತೆಯೂ ಇದೆ, ಅಲ್ಲದಂತೆಯೂ ಇದೆ. ಆತನಿಲ್ಲದಾಗ ಯಾರೋ ಗಿಟಾರು ಬಾರಿಸಿ ತುಂಬಿದ ಟೇಪು ಹಿಂದುಮುಂದಾಗಿ ಸುತ್ತಿಕೊಂಡಿತ್ತೆಂದು ತಿಳಿಯುವದಕ್ಕೆ ಬಹಳ ಹೊತ್ತು ಹಿಡಿಯಿತು. ಬೇರೆಯವರಾದರೆ ನಕ್ಕು ಸರಿಮಾಡಿ ಬಿಡುತ್ತಿದ್ದರು. ಆತನ ಕಿವಿಯು ಅದನ್ನು ಹಿಡಿದಿಟ್ಟುಕೊಂಡಿತು. ಮುಂದೆ 1956ರಲ್ಲಿ ಆತನ ಹೆಸರನ್ನು ದೇಶದಲ್ಲೆಲ್ಲಾ ಹಬ್ಬಿಸಿದ ಐ ವಾಕ್ ದಿ ಲೈನ್ ಎಂಬ ಹಾಡಿನ ನಡೆಯು ಅದರಿಂದಲೇ ಹುಟ್ಟಿತೆಂದು ಆತನು ಹೇಳಿದ್ದಾನೆ.

ಇನ್ನೊಂದು ಸಂಗತಿಯು ಸಹ ಆ ಶಿಬಿರದಲ್ಲಿ ನಡೆಯಿತು. ಕ್ಯಾಲಿಫೋರ್ನಿಯದ ಫಾಲ್ಸಮ್ ಎಂಬ ಸೆರೆಮನೆಯ ವಿಷಯವಾಗಿ 1951ರಲ್ಲಿ ಮಾಡಿದ್ದ ಒಂದು ಚಲನಚಿತ್ರವನ್ನು ಸಿಪಾಯಿಗಳಿಗೆ ತೋರಿಸಿದರು. ಮನೆಯಿಂದ ದೂರವಾಗಿ, ದಿನಗಳನ್ನು ಎಣಿಸುತ್ತಾ, ಗೋಡೆಗಳೊಳಗೆ ಇರುವ ಕೈದಿಗಳ ಸ್ಥಿತಿಯು ಆತನ ಮನಸ್ಸಿಗೆ ನಾಟಿತು. ತಾನು ಅಪರಾಧಿಯಲ್ಲದಿದ್ದರೂ ತಾನೂ ದಿನಗಳನ್ನು ಎಣಿಸುವವನೇ. ಹೀಗೆ ಫಾಲ್ಸಮ್ ಸೆರೆಮನೆಯ ಹಾಡನ್ನು ಕಟ್ಟಿದನು. ಅದರ ರಾಗವನ್ನೂ ಕೆಲವು ಸಾಲುಗಳನ್ನೂ ಆತನು ಗೊರ್ಡನ್ ಜೆಂಕಿನ್ಸ್ ಎಂಬವನ ಹಾಡಿನಿಂದ ತೆಗೆದುಕೊಂಡಿದ್ದನು; ಇದಕ್ಕಾಗಿ ಬಹಳ ವರುಷಗಳ ಮೇಲೆ ಹಣವನ್ನು ತೆರಬೇಕಾಯಿತು. ಸತ್ಯವನ್ನು ಹೇಳುವ ಚರಿತ್ರೆಯು ಇದನ್ನೂ ಹೇಳಬೇಕು.

1954ರ ಜುಲೈ ತಿಂಗಳಲ್ಲಿ ಆತನು ಸೇನೆಯಿಂದ ಗೌರವವಾಗಿ ಬಿಡುಗಡೆ ಹೊಂದಿ, ಆಗಸ್ಟ್ 7ನೇ ತಾರೀಖಿನಲ್ಲಿ ವಿವಿಯನಳನ್ನು ಮದುವೆಯಾದನು. ಮೆಂಫಿಸ್ ಪಟ್ಟಣದಲ್ಲಿ ಮನೆಮನೆಗೆ ಹೋಗಿ ಗೃಹೋಪಯೋಗದ ಯಂತ್ರಗಳನ್ನು ಮಾರಲು ನೋಡಿದನು. ಮಾರಾಟವು ಆತನ ಕೈಗೆ ಹತ್ತಲಿಲ್ಲ. ಸಾಯಂಕಾಲದಲ್ಲಿ ಮಾರ್ಷಲ್ ಗ್ರಾಂಟ್, ಲೂಥರ್ ಪರ್ಕಿನ್ಸ್ ಎಂಬ ಇಬ್ಬರು ಮೋಟಾರು ರಿಪೇರಿಯವರ ಸಂಗಡ ಹಾಡುವನು. 1955ರಲ್ಲಿ ಸ್ಯಾಮ್ ಫಿಲಿಪ್ಸ್ ಎಂಬವನ ಕಂಪನಿಯಿಂದ ಆತನ ಮೊದಲನೇ ರೆಕಾರ್ಡು ಹೊರಟಿತು. ಎರಡೇ ವರುಷಗಳಲ್ಲಿ ಆತನು ದೇಶದ ಹೆಸರಾದ ಹಾಡುಗಾರರಲ್ಲಿ ಒಬ್ಬನಾದನು. 1959ರಲ್ಲಿ ಕೀರ್ತನೆಗಳ ರೆಕಾರ್ಡನ್ನೂ ಹೊರಡಿಸಿದನು. ಅದೇ ವರುಷದಲ್ಲಿ, ಚಿಕ್ಕಂದಿನ ನೆರೆಯ ವಿಷಯವಾದ ತನ್ನ ಹಾಡೊಂದನ್ನು ಜರ್ಮನ್ ಭಾಷೆಯಲ್ಲಿಯೂ ಹಾಡಿದನು.

ವಾಚಕರೇ, ಇಲ್ಲಿ ಈ ಚರಿತ್ರೆಯ ದುಃಖಕರವಾದ ಭಾಗವು ಬರುತ್ತದೆ. 1956ರ ಆ ಹಾಡು ಹೆಂಡತಿಗೆ ನಂಬಿಗಸ್ತನಾಗಿ ನಡೆಯುವೆನೆಂಬ ಪ್ರತಿಜ್ಞೆಯಾಗಿತ್ತು. ಅದನ್ನು ಲಕ್ಷಾಂತರ ಜನರು ಕೇಳಿದರು; ಆದರೆ ಹಾಡಿದವನು ಅದನ್ನು ನಡಿಸಲಿಲ್ಲ. ಒಂದು ಊರಿನಿಂದ ಇನ್ನೊಂದು ಊರಿಗೆ ರಾತ್ರಿಯೆಲ್ಲಾ ಪ್ರಯಾಣ ಮಾಡುವವನಿಗೆ ಯಾರೋ ನಿದ್ದೆಗೆಡಿಸುವ ಆಂಫೆಟಮಿನ್ ಗುಳಿಗೆಯನ್ನು ಕೊಟ್ಟರು. ಮೊದಲು ಆತನು ಗುಳಿಗೆಯನ್ನು ನುಂಗಿದನು, ಅನಂತರ ಗುಳಿಗೆಯು ಆತನನ್ನು ನುಂಗಿತು. ವಿವಿಯನಳು ನಾಲ್ಕು ಹೆಣ್ಣುಮಕ್ಕಳನ್ನು ಇಟ್ಟುಕೊಂಡು ಮನೆಯಲ್ಲಿ ಕಾದಿದ್ದಳು. ಆತನು ಬರುವೆನೆಂದ ದಿನ ಬರುವದಿಲ್ಲ; ಬಂದರೂ ಬುದ್ಧಿ ಸ್ವಾಧೀನದಲ್ಲಿರುವದಿಲ್ಲ. 1965ರ ಅಕ್ಟೋಬರ್ ತಿಂಗಳಲ್ಲಿ ಮೆಕ್ಸಿಕೋದ ಗಡಿಯಲ್ಲಿರುವ ಎಲ್ ಪಾಸೋ ಪಟ್ಟಣದಲ್ಲಿ, ಗಿಟಾರಿನ ಪೆಟ್ಟಿಗೆಯಲ್ಲಿ ನೂರಾರು ಗುಳಿಗೆಗಳನ್ನು ಅಡಗಿಸಿದ್ದಕ್ಕಾಗಿ ಆತನನ್ನು ಹಿಡಿದರು. ಕೈಗೆ ಬೇಡಿ ಹಾಕಿದ ಚಿತ್ರವು ಪತ್ರಿಕೆಗಳಲ್ಲಿ ಬಂದಿತು. ಕಡೆಗೆ ಮದುವೆಯು ಮುರಿಯಿತು. ಲಾಂಡ್ಸ್‌ಬೆರ್ಗಿನಲ್ಲಿ ಕೂತು ರಷ್ಯದ ಬಡಿತವನ್ನು ಹಿಡಿದ ಆ ಕಿವಿಗೆ, ಒಂದೇ ಮನೆಯ ಪಕ್ಕದ ಕೋಣೆಯಲ್ಲಿ ಅಳುತ್ತಿದ್ದ ಹೆಂಡತಿಯ ಶಬ್ದವು ಬೀಳಲಿಲ್ಲ. ದೂರವಿದ್ದಾಗ ದಿನದಿನವೂ ಆಕೆಯ ಕಾಗದಕ್ಕಾಗಿ ಹಾತೊರೆದವನು ಹತ್ತಿರವಿದ್ದಾಗ ಆಕೆಯ ಮಾತನ್ನು ಕೇಳದೆ ಹೋದನು. ಒಬ್ಬನು ಕೇಳುವ ವಿದ್ಯೆಯಲ್ಲಿ ಎಷ್ಟು ಪಳಗಿದರೂ, ಯಾರಿಗೆ ಕಿವಿಗೊಡಬೇಕೆಂಬದನ್ನು ಹೃದಯವೇ ನಿಶ್ಚಯಿಸಬೇಕು.

1968ರಲ್ಲಿ ಆತನ ಬಾಳು ತಿರುಗಿತು. ಜೊತೆಯ ಹಾಡುಗಾರ್ತಿಯಾದ ಜೂನ್ ಕಾರ್ಟರಳೂ ಆಕೆಯ ತಂದೆತಾಯಿಗಳೂ ಆತನನ್ನು ಕಾದು, ಗುಳಿಗೆಗಳನ್ನು ಬಿಡಿಸಲು ಬಹಳ ಪ್ರಯಾಸಪಟ್ಟರು. ಆ ವರುಷದ ಮಾರ್ಚ್ 1ನೇ ತಾರೀಖಿನಲ್ಲಿ ಜೂನಳ ಸಂಗಡ ಆತನ ಮದುವೆಯಾಯಿತು. ಅದಕ್ಕೆ ಮುಂಚೆ, ಜನವರಿ 13ನೇ ತಾರೀಖಿನಲ್ಲಿ, ಆತನು ಫಾಲ್ಸಮ್ ಸೆರೆಮನೆಯ ಒಳಗೇ ಹೋಗಿ ಕೈದಿಗಳ ಮುಂದೆ ಹಾಡಿದನು. ಹಿಂದಿನ ರಾತ್ರಿ ಒಬ್ಬ ಬೋಧಕನು ಗ್ಲೆನ್ ಶೆರ್ಲಿ ಎಂಬ ಕೈದಿಯು ಕಟ್ಟಿದ ಹಾಡೊಂದನ್ನು ಆತನಿಗೆ ಕೇಳಿಸಿದ್ದನು. ಅದು ಆ ಸೆರೆಮನೆಯಲ್ಲಿದ್ದ ಕಲ್ಲಿನ ದೇವಾಲಯದ ಹಾಡು. ಕ್ಯಾಶನು ರಾತ್ರಿಯೇ ಅದನ್ನು ಕಲಿತು, ಮರುದಿನ ಕೈದಿಗಳೆಲ್ಲರ ಮುಂದೆ ಹಾಡಿದನು. ಶೆರ್ಲಿಯು ಮುಂದಿನ ಸಾಲಿನಲ್ಲಿ ಕೂತಿದ್ದನು. ಯಾರೂ ಕೇಳದಿದ್ದ ಒಬ್ಬ ಕಳ್ಳನ ಹಾಡನ್ನು ಹೀಗೆ ಲೋಕವು ಕೇಳಿತು.

ಆ ಒಂದು ದಿನದ ಕಚೇರಿಯಿಂದ ಎಲ್ಲವೂ ನೆಟ್ಟಗಾಯಿತೆಂದು ನಾವು ಹೇಳುವದಿಲ್ಲ. ಶೆರ್ಲಿಯು 1971ರಲ್ಲಿ ಬಿಡುಗಡೆಯಾದಾಗ ಕ್ಯಾಶನು ಬಾಗಿಲಲ್ಲಿಯೇ ಕಾದಿದ್ದು ಆತನಿಗೆ ಕೆಲಸ ಕೊಟ್ಟನು. ಆದರೆ ಹೊರಗಿನ ಬಾಳು ಅವನಿಂದಾಗದೆ 1978ರಲ್ಲಿ ಅವನು ತನ್ನ ಪ್ರಾಣವನ್ನು ತಾನೇ ತೆಗೆದುಕೊಂಡನು. ಆದಾಗ್ಯೂ ಕ್ಯಾಶನು ಸೆರೆಯಲ್ಲಿದ್ದವರನ್ನು ಮರೆಯಲಿಲ್ಲ. 1957ರಲ್ಲಿ ಟೆಕ್ಸಸಿನ ಹಂಟ್ಸ್‌ವಿಲ್ ಸೆರೆಮನೆಯಿಂದ ಆರಂಭಿಸಿ ಅನೇಕ ಸೆರೆಮನೆಗಳಲ್ಲಿ ಹಾಡಿದನು. 1972ರಲ್ಲಿ ಅಮೇರಿಕದ ಸೆನೆಟ್ ಸಭೆಯ ಸಮಿತಿಯ ಮುಂದೆ ನಿಂತು, ಎಳೇ ಪ್ರಾಯದ ಕೈದಿಗಳು ಪಡುವ ಹಿಂಸೆಯನ್ನು ತಿಳಿಸಿ, ಸೆರೆಮನೆಗಳ ಸುಧಾರಣೆಗಾಗಿ ಬೇಡಿಕೊಂಡನು.

ಅಣ್ಣ ಜ್ಯಾಕನ ನಂಬಿಕೆಗೂ ಆತನು ಹಿಂದಿರುಗಿದನು. ಇಸ್ರಾಯೇಲ್ ದೇಶಕ್ಕೆ ಹೋಗಿ ಕ್ರಿಸ್ತನ ಚರಿತ್ರೆಯ ಚಲನಚಿತ್ರವೊಂದನ್ನು ತೆಗೆಯಿಸಿ 1973ರಲ್ಲಿ ಪ್ರಕಟಿಸಿದನು. ಅಪೊಸ್ತಲನಾದ ಪೌಲನ ವಿಷಯವಾಗಿ 1986ರಲ್ಲಿ ಒಂದು ಕಾದಂಬರಿಯನ್ನು ಹೊರಡಿಸಿದನು. ಹೊಸ ಒಡಂಬಡಿಕೆಯನ್ನೆಲ್ಲಾ ತನ್ನ ಸ್ವರದಲ್ಲಿ ಓದಿ ಟೇಪುಗಳಲ್ಲಿ ತುಂಬಿಸಿದನು. ನಡುವೆ ಒಂದೆರಡು ಸಾರಿ ಗುಳಿಗೆಗಳ ವ್ಯಸನಕ್ಕೆ ಮತ್ತೆ ಬಿದ್ದನು, ಮತ್ತೆ ಎದ್ದನು. ಇದನ್ನು ಆತನು ಮುಚ್ಚಿಡಲಿಲ್ಲ. ಜನರು ಆತನನ್ನು ಮರೆಯುತ್ತಿದ್ದ ಕಾಲದಲ್ಲಿ, 1994ರಲ್ಲಿ, ಒಂದೇ ಒಂದು ಗಿಟಾರನ್ನಿಟ್ಟುಕೊಂಡು ಹಾಡಿದ ರೆಕಾರ್ಡು ಹೊರಬಂದು, ಮೊಮ್ಮಕ್ಕಳ ವಯಸ್ಸಿನವರೂ ಆತನನ್ನು ಕೇಳತೊಡಗಿದರು. 2003ರ ಮೇ 15ನೇ ತಾರೀಖಿನಲ್ಲಿ ಜೂನಳು ತೀರಿಕೊಂಡಳು. ಸಕ್ಕರೆ ಕಾಯಿಲೆಯಿಂದ ನಿಶ್ಶಕ್ತನಾಗಿದ್ದ ಆತನು ನಾಲ್ಕು ತಿಂಗಳ ಮೇಲೆ, ಸೆಪ್ಟೆಂಬರ್ 12ನೇ ತಾರೀಖಿನಲ್ಲಿ, 71ನೇ ವಯಸ್ಸಿನಲ್ಲಿ ನ್ಯಾಶ್‌ವಿಲ್ ಪಟ್ಟಣದಲ್ಲಿ ಕಣ್ಣುಮುಚ್ಚಿದನು. ಡೈಯೆಸಿನಲ್ಲಿದ್ದ ಆ ಐದು ಕೋಣೆಯ ಮನೆಯನ್ನು ಸರಿಪಡಿಸಿ 2014ರಲ್ಲಿ ಜನರ ದರ್ಶನಕ್ಕೆ ತೆರೆದರು. 2024ರ ಸೆಪ್ಟೆಂಬರ್ 24ನೇ ತಾರೀಖಿನಲ್ಲಿ ಆತನ ಕಂಚಿನ ಪ್ರತಿಮೆಯನ್ನು ಅಮೇರಿಕದ ರಾಜ್ಯಸಭಾ ಭವನದಲ್ಲಿ ನಿಲ್ಲಿಸಿದರು. ಅದರ ಬೆನ್ನ ಮೇಲೆ ಗಿಟಾರು, ಕೈಯಲ್ಲಿ ಸತ್ಯವೇದ.

ಈ ಚರಿತ್ರೆಯಿಂದ ನಾವು ಕಲಿಯುವದೇನು? ಲಾಂಡ್ಸ್‌ಬೆರ್ಗಿನಲ್ಲಿ ಆತನು ಮಾಡಿದ ಸೇವೆಯು ಯಾರ ಕಣ್ಣಿಗೂ ಬೀಳಲಿಲ್ಲ. ಅರ್ಥವಾ​ಗದ ಶಬ್ದಗಳನ್ನು ಬರೆಯುತ್ತಾ, ಉತ್ತರ ಕೊಡದೆ, ಹೆಸರಿಲ್ಲದೆ ಕಳೆದ ಆ ವರುಷಗಳು ವ್ಯರ್ಥವೆಂದು ಆತನಿಗೆ ಅನೇಕ ಸಾರಿ ತೋಚಿರಬೇಕು. ಆದರೆ ಆತನು ಮುಂದೆ ಹಾಡಿದ ಮುಖ್ಯವಾದ ಹಾಡುಗಳ ಬೇರು ಅಲ್ಲಿಯೇ ಇತ್ತು, ಸೆರೆಯಲ್ಲಿರುವವರ ಮೇಲಣ ಕನಿಕರವೂ ಅಲ್ಲಿಯೇ ಚಿಗುರಿತು. ಆತನ ದೊಡ್ಡ ನಷ್ಟವೂ ಅಲ್ಲಿಯೇ ಆರಂಭವಾಯಿತು. ಕುಡಿತದ ಮೊದಲನೇ ಮೆಟ್ಟಲನ್ನು ಆತನು ಇಳಿದದ್ದು ಆ ಊರಲ್ಲಿಯೇ. ಅದರ ಬೆಲೆಯನ್ನು ತೆತ್ತವರು ಹೆಂಡತಿಯೂ ನಾಲ್ಕು ಮಂದಿ ಮಕ್ಕಳೂ. ಒಂದೇ ಕಾಲ, ಒಂದೇ ಸ್ಥಳ, ಒಬ್ಬನೇ ಮನುಷ್ಯ. ಅದೇ ಹೊಲದಲ್ಲಿ ಬೆಳೆಯೂ ಕಳೆಯೂ ಒಟ್ಟಿಗೆ ಹುಟ್ಟಿದವು.

ನಮ್ಮ ಮನೆಗಳಲ್ಲಿಯೂ ಈಗ ದೂರದ ಶಬ್ದಗಳು ತುಂಬಿವೆ. ಕಿಸೆಯಲ್ಲಿರುವ ಯಂತ್ರದಲ್ಲಿ ನಾವು ಪರದೇಶದ ಸುದ್ದಿಯನ್ನು ಕ್ಷಣದಲ್ಲಿ ಕೇಳುತ್ತೇವೆ. ಒಲೆಯ ಮುಂದೆ ಮಾತಿಲ್ಲದೆ ಕೂತಿರುವ ಹೆಂಡತಿಯನ್ನು, ಕೆಮ್ಮುತ್ತಿರುವ ಮುದುಕ ತಂದೆಯನ್ನು, ಏನನ್ನೋ ಹೇಳಲು ಬಂದು ಹಿಂದಿರುಗುವ ಮಗನನ್ನು ಕೇಳುವದಿಲ್ಲ. ಊರ ಹೊರಗೆ ಸೆರೆಮನೆಯಿದ್ದರೆ ಅದರ ಗೋಡೆಯ ಪಕ್ಕದಲ್ಲಿಯೇ ಹಾದುಹೋಗುತ್ತೇವೆ. ಜಾನಿ ಕ್ಯಾಶನು ದೂರದವರನ್ನು ಮೊದಲು ಕೇಳಲು ಕಲಿತು, ಹತ್ತಿರದವರನ್ನು ಕೇಳುವದನ್ನು ಬಹಳ ತಡವಾಗಿ, ಬಹಳ ನಷ್ಟಪಟ್ಟು ಕಲಿತನು. ಆತನ ಚರಿತ್ರೆಯನ್ನು ಓದಿದ ನಾವಾದರೋ ಈ ರಾತ್ರಿ ದೀಪವನ್ನು ಆರಿಸುವದಕ್ಕೆ ಮುಂಚೆ, ನಮ್ಮ ಮನೆಯಲ್ಲಿ ಯಾರ ಮಾತು ಬಹು ದಿನಗಳಿಂದ ನಮ್ಮ ಕಿವಿಗೆ ಬಿದ್ದಿಲ್ಲವೆಂದು ಯೋಚಿಸಿ, ಅವರ ಬಳಿಯಲ್ಲಿ ಸ್ವಲ್ಪ ಹೊತ್ತು ಕೂತುಕೊಳ್ಳೋಣ.